ಫೈಲಿನಲ್ಲಿದ್ದ ದನಿ

ಕಣ್ಣಾಸ್ಪತ್ರೆಯಲ್ಲಿ ಡ್ರಾಪ್ಸ್ ಹಾಕಿಸಿಕೊಂಡು ಕಣ್ಣು ಮುಚ್ಚಿ ಕೂತಿದ್ದೆ. ಪಕ್ಕದ ಬೆಂಚಿನಲ್ಲಿ ಅಕ್ಕ ತಮ್ಮ ಇಬ್ಬರಿದ್ದರು. ಅಕ್ಕನಿಗೂ ಆಗಷ್ಟೇ ಡ್ರಾಪ್ಸ್ ಹಾಕಿದ್ದರು. ಕಣ್ಣು ಮುಚ್ಚಿದ ಮೇಲೆ ಕಿವಿಗೆ ಬೇರೆ ಕೆಲಸವೇನಿದೆ?

"ಅಕ್ಕಾ, ನಾವು ರೆಕಾರ್ಡ್ ಮಾಡಿದ್ದ ಹಾಡಿನ ಹಳೇ ಪ್ರಾಜೆಕ್ಟ್ ಫೈಲನ್ನ ನಿನ್ನೆ ಹೊಸ ಸಾಫ್ಟ್‌ವೇರಲ್ಲಿ ಓಪನ್ ಮಾಡ್ದೆ."

"ಹದಿನಾಲ್ಕು ವರ್ಷದ್ದು! ಓಪನ್ ಆಯ್ತಾ?"

"ಆಯ್ತು. ಆದ್ರೆ ಹಳೇ ವರ್ಷನ್‌ನಲ್ಲಿ ಮ್ಯೂಟ್ ಮಾಡಿಟ್ಟಿದ್ದೆಲ್ಲ ಬಾಯಿಬಿಡ್ತು."

"ಅಂದ್ರೆ?"

"ನಿನ್ನ ದನಿ ಬಂತು."

"ಅದು ಮೊದ್ಲಿಂದ್ಲೂ ಇತ್ತಲ್ಲೋ. ಸಣ್ಣಗೆ ಕೇಳತ್ತೆ, ಕಿವಿಗೊಟ್ಟು ಕೇಳು ಅಂತ ನೀನೇ ಹೇಳಿದ್ದೆ. ನಾನು ಎಲ್ಲರಿಗೂ ಹಾಗೇ ಹೇಳ್ಕೊಂಡು ಬಂದಿದೀನಿ."

"ಫೈಲಲ್ಲಿತ್ತು ಅಕ್ಕಾ. ಎಲ್ಲರೂ ಕೇಳಿದ ಹಾಡಲ್ಲಿ ಇರ್ಲಿಲ್ಲ."

ಬೆಂಚು ಕಿರುಗುಟ್ಟಿತು. ಅವಳು ಅವನತ್ತ ತಿರುಗಿರಬೇಕು.

"ಶ್ರುತಿ ಹೋಗಿತ್ತಾ?"

"ಸ್ವಲ್ಪ ಇಳಿದಿತ್ತು."

"ಈಗ?"

"ಈಗ್ಲೂ ಇಳಿದೇ ಇದೆ."

ಅವಳು ನಕ್ಕಳು. "ಲೋ ಕತ್ತೆ, ಇಲ್ದೇ ಇರೋ ದನೀನ ಇಷ್ಟು ವರ್ಷ ಹುಡುಕಿ ಹುಡುಕಿ ಕೇಳಿದೀನಿ. ಹೋಗ್ಲಿ, ಮತ್ತೆ ಮ್ಯೂಟ್ ಮಾಡ್ಬಿಡು."

"ಮಾಡಲ್ಲ. ಹಾಗೇ ಸೇವ್ ಮಾಡ್ದೆ. ಹೊಸದ್ರಲ್ಲಿ ಸೇವ್ ಮಾಡಿದ್ಮೇಲೆ ಅದು ಹಳೇದ್ರಲ್ಲಿ ಓಪನ್ ಆಗಲ್ಲ."

"ಹಾಡು ಕೆಡತ್ತಲ್ಲೋ."

"ಕೆಡ್ಲಿ ಬಿಡು."

ಅಷ್ಟರಲ್ಲಿ ನರ್ಸ್ ಕರೆದರು. "ಮುಂದೆ ಮೆಟ್ಟಿಲಿದೆ, ನನ್ನ ಕೈ ಹಿಡ್ಕೋ" ಎಂದ ಅವನು. ಚಪ್ಪಲಿಗಳ ಸದ್ದು ದೂರವಾಗುತ್ತಿದ್ದಂತೆ ಅವಳು ಏನನ್ನೋ ಗುನುಗುವುದು ಕೇಳಿಸಿತು. ಶ್ರುತಿ ಸ್ವಲ್ಪ ಇಳಿದೇ ಇತ್ತು. ಆಮೇಲೆ ಅವನ ದನಿಯೂ ಇಳಿದು ಬಂದು ಅದೇ ಶ್ರುತಿಗೆ ಸೇರಿಕೊಂಡಿತು.