ಅತ್ತಿಮರದ ಹತ್ತಿರ ಸಿಕ್ಕ ಪದ

ಇದು ನಮ್ಮ ಚಿಕ್ಕಪ್ಪನ ಮಗ ಅಡ್ಮಾಸುಗೆ ಆದದ್ದು. ಗೊಂಡಾರ್ ಕಡೆ ಮದುವೆ ಅಂದರೆ ಅವನ ಮಸಿಂಕೊ ಇರಲೇಬೇಕು. ಇರೋದು ಒಂದೇ ತಂತಿ... ಕಮಾನು ಎಳೆದರೆ ಎಂಥವರ ಕಣ್ಣಲ್ಲೂ ನೀರು.

ಆ ರಾತ್ರಿ ಮದುವೆ ಮನೆಯಿಂದ ಹೆಂಡತಿ ವುಬಿತ್ ಜೊತೆ ವಾಪಸ್ ಬರ್ತಿದ್ದ. ಊರಾಚೆಯ ದೊಡ್ಡ ಅತ್ತಿಮರ. ಗಾಳಿಯಿಲ್ಲ. ಎಲೆ ಮಾತ್ರ ಸರಸರ... ಸರಸರ...

"ಹಿಡಿ, ಹಾಡುಗಾರ."

ಮದುವೆಯಲ್ಲಿ ತಾವೇ ಪದ ಕಟ್ಟಿ, ಹಾಡು ಅಂತ ಕೊಡೋರು ಕೂಗೋದೇ ಹಾಗೆ. ಕೊಟ್ಟ ಪದ ಹಾಡದವನು ಎಂಥ ಹಾಡುಗಾರ?

"ನಿಲ್ಬೇಡಿ ರೀ," ವುಬಿತ್ ತೋಳು ಜಗ್ಗಿದಳು.

"ಯಾವನೋ ಕುಡುಕ ಕಣೇ."

ಮರದ ಹಿಂದಿಂದ ಪಿಸುದನಿ:

"ಅವ್ವಾ, ಬಾಗಿಲು ಹಾಕಿಕೋ, ದಾರಿ ನೋಡಿದ್ದು ಸಾಕು,
ಹೊಳೆಯಾಚೆ ನನ್ನ ಹೂತರು, ದೀಪ ಆರಿಸಬೇಕು."

"ಯಾರಿಗೆ ಹಾಡ್ಲಿ?" ಬಾಯಿತಪ್ಪಿ ಕೇಳಿಬಿಟ್ಟ.

"ಕೆಳಗಿನೂರು... ಯಶಾರೆಗ್‌ಗೆ."

ಬ್ಯಾಟರಿ ಬಿಟ್ಟು ನೋಡಿದರೆ ಬೇರು, ಒಣಗಿದೆಲೆ. ಅಷ್ಟೇ.

ಮನೆಗೆ ಬಂದು ಮಲಗಿದರು. ಗೋಡೆಯ ಮೇಲೆ ಮಸಿಂಕೊ ಶುರುವಾಯಿತು. ಕೊಂಯ್ಯ್... ಕೊಂಯ್ಯ್... ಕಮಾನು ನೋಡಿದರೆ ಪೆಟ್ಟಿಗೆಯೊಳಗಿದೆ! ಬಟ್ಟೆ ಸುತ್ತಿದ. ದನದ ಕೊಟ್ಟಿಗೆಯಲ್ಲಿಟ್ಟು ಬಂದ. ನಿಲ್ಲಲಿಲ್ಲ. ಹೀಗೇ ಮೂರು ರಾತ್ರಿ.

"ಹೋಗಿ ಹಾಡಿ ಬನ್ನಿ."

"ಮಗ ಸತ್ತ ಅಂತ ತಾಯಿ ಮುಂದೆ ಹಾಡೋ ಬಾಯಿ ನಂಗಿಲ್ಲ ಕಣೇ."

"ಇನ್ನೊಂದು ರಾತ್ರಿ ಎದ್ದಿರೋ ಕಣ್ಣು ನಂಗೂ ಇಲ್ಲ!"

ನಾಲ್ಕನೇ ದಿನ ಇಬ್ಬರೂ ಹೋದರು. ಯಶಾರೆಗ್ ಗುಬ್ಬಚ್ಚಿಯಂಥ ಮುದುಕಿ. ಮಗ ಯುದ್ಧಕ್ಕೆ ಹೋಗಿ ಎರಡು ವರ್ಷ, ಅಂದಿನಿಂದ ಬಾಗಿಲು ಹಾಕಿಲ್ಲ ಅಂತ ಊರವರೇ ಹೇಳಿದ್ದರು. ಕೂರಿ ಅಂತ ಕೈಸನ್ನೆ ಮಾಡಿ, ಬೆನ್ನು ತಿರುಗಿಸಿ ಕಾಫಿಬೀಜ ಹುರಿಯತೊಡಗಿದಳು. ಚಟ್... ಚಟಪಟ...

ಅಡ್ಮಾಸು ಕಮಾನು ಎಳೆದು ಹಾಡಿದ. 'ಹೂತರು' ಬರೋ ಕಡೆ 'ಹೊಳೆಯಾಚೆ ನಾ ಮಲಗಿದೆ' ಅಂತ ಬದಲಿಸಿ ಮುಗಿಸಿಬಿಟ್ಟ.

ಮುದುಕಿ ಬಾಣಲೆ ಇಳಿಸಿದಳು. ತಿರುಗಲಿಲ್ಲ.

"ಮಲಗಿದೆ ಅಲ್ಲ ಮಗಾ... ಹೂತರು ಅನ್ನು. ಅವನು ಹೇಳಿದ್ದು ಹಾಗೆ."

ಅಡ್ಮಾಸು ಸರಿಯಾಗಿ ಇನ್ನೊಮ್ಮೆ ಹಾಡಿದ. ಮುದುಕಿ ಇಬ್ಬರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡಳು. ಒಳಗೆ ಚಿಲಕ ಟಕ್ ಅಂತು. ಆ ರಾತ್ರಿಯಿಂದ ಮಸಿಂಕೊ ಸುಮ್ಮನಾಯಿತು.

ಆದರೆ ಓಣಿಯಲ್ಲಿ ನೀರು ಹೊತ್ತು ಬರ್ತಿದ್ದ ಹೆಂಗಸೊಬ್ಬಳು ಇವರನ್ನು ನೋಡಿ ನಕ್ಕಿದ್ದಳು. "ಆ ಅಜ್ಜಿ ಮುಂದೆ ಹಾಡಿದ್ರಾ? ಒಳ್ಳೇ ಕತೆ!"

ಯಾಕೆ ಅಂದರೆ...

ಸುಳ್ಳು ಹೇಳ್ತಿಲ್ಲ. ವುಬಿತ್ ಇನ್ನೂ ಇದ್ದಾಳೆ, ಬೇಕಾದರೆ ಕೇಳಿ. ಯಶಾರೆಗ್‌ಗೆ ಹನ್ನೆರಡು ವರ್ಷದಿಂದ ಎರಡು ಕಿವಿಯೂ ಕೇಳಿಸೋದಿಲ್ಲ.