ಹಿಂದಿನಿಂದ ಬಂದ ‘ಓ’

ಹರಿಹರ ಪೊಲೀಸ್ ಠಾಣೆಯ ಸಬ್ ಇನ್ಸ್‌ಪೆಕ್ಟರ್ ಸಾಹೇಬರಿಗೆ ಶರಣು. ತಾವೂ ದಫೇದಾರ್ ರೌಫ್ ಸಾಹೇಬರೂ ಕ್ಷೇಮವೆಂದು ನಂಬಿದ್ದೇನೆ. ರೌಫ್ ಸಾಹೇಬರ ಮೊಣಕಾಲು ನೋವು ಕಡಿಮೆಯಾಗಿರಬೇಕು. ನೆಂಟರಿಗೆ ಕಾಗದ ಬರೆದಂತೆ ಬರೆಯಿರಿ ಎಂದು ಅವರೇ ಹೇಳಿದ್ದರಿಂದ ಈ ಹೇಳಿಕೆಯನ್ನು ನನ್ನ ಕೈಯಾರೆ ಬರೆದಿದ್ದೇನೆ.

ನನ್ನ ಹೆಸರು ಹಾಲೇಶಪ್ಪ, ವಯಸ್ಸು 61, ಕಸುಬು ಬೇಸಾಯ, ವಾಸ ದಾವಣಗೆರೆ ಪಕ್ಕದ ನಿಟ್ಟುವಳ್ಳಿ. ಈ ಮೂಲಕ ತಿಳಿಸುವುದೇನೆಂದರೆ, ನಂದಿಗುಡಿಯ ಉಚ್ಚೆಂಗಪ್ಪ ನನ್ನ ತಂಗಿ ಕೊಟ್ರವ್ವನ ಗಂಡ. ನಮ್ಮೊಡನೆ ಶ್ರೀಶೈಲ ಪರ್ವತಕ್ಕೆ ಹೋದವನು ತಿರುಗಿ ಬಂದಿಲ್ಲ.

ಪರ್ವತಕ್ಕೆ ಮಾರ್ಕಾಪುರದ ಕಡೆಯಿಂದ ಮೋಟಾರು ಹೋಗುತ್ತದೆಂದು ಕೇಳಿದ್ದೆವು. ನಾನು ಅದೇ ಸಲೀಸು ಎಂದೆ. ಉಚ್ಚೆಂಗಪ್ಪ ಒಪ್ಪಲಿಲ್ಲ. “ಮೋಟಾರ್‌ನಾಗೆ ಕುಂತು ಹೋದ್ರೆ ಮಲ್ಲಯ್ಯ ನಮ್ಮನ್ನ ಕಂಟ್ರಾಕ್ಟರು ಅಂತ ತಿಳ್ಕಂತಾನೆ ಭಾವ. ಕಾಡು ಹಾದೀಲೇ ನಡ್ಯಾಣ” ಎಂದ.

13-3-1958ರಂದು ನಾನೂ ನೆರೆಮನೆಯ ಬಕ್ಕೇಶಪ್ಪನೂ ದಾವಣಗೆರೆಯಲ್ಲಿ ಬೆಳಗಿನ ರೈಲು ಹತ್ತಿದೆವು. ಉಚ್ಚೆಂಗಪ್ಪ ಹರಿಹರದಲ್ಲಿ ಹತ್ತಿದ. ಹುಬ್ಬಳ್ಳಿಯಲ್ಲೂ ಗುಂತಕಲ್ಲಿನಲ್ಲೂ ಗಾಡಿ ಬದಲಿಸಿ ನಂದ್ಯಾಲಕ್ಕೆ, ಅಲ್ಲಿಂದ ಬಸ್ಸಿನಲ್ಲಿ ಆತ್ಮಕೂರಿಗೆ ಹೋಗಿ, 16ರಂದು ನಾಗಲೂಟಿಯ ಹತ್ತಿರ ಕಾಡು ಹೊಕ್ಕೆವು.

ಬಕ್ಕೇಶಪ್ಪ ಈ ಹಾದಿಯಲ್ಲಿ ಮೊದಲೇ ಹೋಗಿ ಬಂದವನು. ಕಾಡು ಹೊಕ್ಕ ಮೇಲೆ ಯಾರನ್ನೂ ಅವರವರ ಹೆಸರಿನಿಂದ ಕರೆಯಬಾರದು, ಎಲ್ಲರೂ ಮಲ್ಲಯ್ಯನೇ ಎಂದು ಆತ ತಿಳಿಸಿದ. ಮುಂದಿರುವವನು “ಮಲ್ಲಯ್ಯಾ” ಎಂದು ಕೂಗಬೇಕು, ಹಿಂದಿನವರು “ಓ” ಎನ್ನಬೇಕು. “ಮೂರು ಮಂದೀನೂ ಮಲ್ಲಯ್ಯ ಆದ್ರೆ ಯಮ ಬಂದು ಯಾರನ್ನ ಹಿಡೀಬೇಕ್ರಿ? ಕೈ ಬೀಸ್ಕಂಡು ವಾಪಸ್ ಹೋಗ್ತಾನೆ” ಎಂದು ಉಚ್ಚೆಂಗಪ್ಪ ನಕ್ಕ. ಬಕ್ಕೇಶಪ್ಪ ನಗಲಿಲ್ಲ.

17ರಂದು ಮಧ್ಯಾಹ್ನ ಕೆರೆಯೊಂದರ ಬಳಿ ಬುತ್ತಿ ಉಂಡು ಹೊರಟೆವು. ಬಕ್ಕೇಶಪ್ಪ ಮುಂದೆ, ನಾನು ನಡುವೆ, ಉಚ್ಚೆಂಗಪ್ಪ ಹಿಂದೆ. ಎರಡು ಫರ್ಲಾಂಗು ಹೋದ ಮೇಲೆ ಆತ ಮುಳ್ಳು ಚುಚ್ಚಿತೆಂದು ಬಂಡೆಯ ಮೇಲೆ ಕುಳಿತ. ನಾನು ನಿಂತೆ. “ನೀವು ನಡೀರಿ ಭಾವ, ಕಿತ್ತು ಒಗದು ಬಂದೆ” ಎಂದ. ನಾನು ನಡೆದೆ.

ಆಮೇಲೆ ಬಕ್ಕೇಶಪ್ಪ ಕೂಗಿದಾಗಲೆಲ್ಲ ನಾನು ಓ ಎಂದೆ. ನನ್ನ ಹಿಂದೆಯೂ ಓ ಎಂದು ಕೇಳಿಸಿತು. ಹಾದಿ ಕಡಿದಾಗಿದ್ದರಿಂದ ತಿರುಗಿ ನೋಡಲಿಲ್ಲ. ಸುಮಾರು ಎರಡು ಮೈಲಿ ಹೀಗೆ ನಡೆದೆವು. ಏರು ಮುಗಿದಲ್ಲಿ ಕುಳಿತು ಕಾದಾಗ ಮೇಲೆ ಬಂದವನು ಉಚ್ಚೆಂಗಪ್ಪನಲ್ಲ, ಒಬ್ಬ ಅಪರಿಚಿತ. ರಾಯಚೂರು ಸೀಮೆಯವನು, ಅಡ್ಡಹಾದಿಯಿಂದ ಬಂದು ಸೇರಿಕೊಂಡವನು. ಓ ಅಂದದ್ದು ನೀನೋ ಎಂದು ಕೇಳಿದೆ. “ಹೌದ್ರೀ. ನೀವು ಮಲ್ಲಯ್ಯ ಅಂದ್ರಿ, ನಾನೂ ಮಲ್ಲಯ್ಯನ ಅಲ್ಲೇನ್ರಿ? ನನ್ನ ಹಿಂದೂ ಒಬ್ಬಾತ ಓ ಅಂತಿದ್ದ. ಬರ್ತಾನ ನೋಡ್ರಿ” ಎಂದ.

ಹೊತ್ತು ಇಳಿಯುವವರೆಗೂ ಕಾದೆವು. ಯಾರೂ ಬರಲಿಲ್ಲ. ಬಕ್ಕೇಶಪ್ಪ ಕೂಗಿದ. ಕೆಳಗಿನಿಂದ ಓ ಎಂದು ಬಂತು. ಇಳಿದು ಓಡಿದೆವು. ಉಚ್ಚೆಂಗಪ್ಪ ಕುಳಿತಿದ್ದ ಬಂಡೆಯ ಮೇಲೆ ಆತನ ಕಂಬಳಿ ಮಡಿಚಿ ಇಟ್ಟಿತ್ತು. ರಕ್ತವಾಗಲಿ, ಎಳೆದ ಗುರುತಾಗಲಿ ಇರಲಿಲ್ಲ.

ಫಾರೆಸ್ಟ್ ಗಾರ್ಡುಗಳ ಜೊತೆ ಮೂರು ದಿನ ಹುಡುಕಿದೆವು. ಕೂಗಿದಲ್ಲೆಲ್ಲ ಓ ಎಂದು ಬರುತ್ತಿತ್ತು. ಯುಗಾದಿಯ ಕಾಲ, ಕಾಡಿನ ತುಂಬ ಯಾತ್ರಿಕರು. ಮಲ್ಲಯ್ಯ ಎಂದರೆ ಯಾರಾದರೂ ಓ ಎನ್ನುತ್ತಾರೆ. ವ್ರತ ಕೆಟ್ಟರೆ ಕೆಡಲಿ ಎಂದು ಕೊನೆಗೆ ನಾನು ಉಚ್ಚೆಂಗಪ್ಪಾ ಎಂದು ಕೂಗಿದೆ. ಆಗ ಕಾಡು ಸುಮ್ಮನಾಯಿತು.

ಆ ದನಿ ಆತನದು ಹೌದೋ ಅಲ್ಲವೋ ಒಂದೇ ಮಾತಿನಲ್ಲಿ ಹೇಳಬೇಕೆಂದು ತಾವು ಕೇಳಿದ್ದೀರಿ. ಅಲ್ಲ ಎಂದರೆ ನಂದಿಗುಡಿಯ ಬೀಗರು ನನ್ನ ತಂಗಿಯ ಬಳೆ ಒಡೆಯುತ್ತಾರೆ. ಹೌದು ಎಂದರೆ ಆಕೆ ಕಾಯುತ್ತಲೇ ಇರುತ್ತಾಳೆ. ಮೊದಲ ಒಂದೆರಡು ಸಲ ಕೇಳಿದ್ದು ಆತನದೇ ದನಿ. ಆಮೇಲಿನದನ್ನು ಪ್ರಮಾಣ ಮಾಡಿ ಹೇಳಲಾರೆ.

ಕೊಟ್ರವ್ವ ಈಗ ನನ್ನ ಮನೆಯಲ್ಲಿದ್ದಾಳೆ. ಗಂಡನ ಹೆಸರು ಎಂದೂ ಬಾಯಲ್ಲಿ ತಂದವಳಲ್ಲ. ಠಾಣೆಗೆ ಬಂದಾಗಲೂ ತಮ್ಮ ಮುಂದೆ ಹೇಳಲಿಲ್ಲ. ಮಲ್ಲಯ್ಯ ಎಂದರೆ ಗಂಡನ ಹೆಸರು ಹಿಡಿದಂತಾಗುವುದಿಲ್ಲವಲ್ಲ ಎಂದು ಕಳೆದ ವಾರ ನನ್ನನ್ನು ಕೇಳಿದಳು. ಆಗುವುದಿಲ್ಲ ಎಂದೆ. ಅಂದಿನಿಂದ ದಿನಾ ಸಂಜೆ ಹಿತ್ತಲ ಬಾಗಿಲಲ್ಲಿ ನಿಂತು ಕರೆಯುತ್ತಾಳೆ. ನನಗೆ ಏನೂ ಕೇಳಿಸಿಲ್ಲ. ನಿನ್ನೆ ಆಕೆ ಒಳಗೆ ಬಂದು, “ಇವತ್ತು ಒಂದೀಟು ಹತ್ರದಾಗೆ ಕೇಳ್ತು ಅಣ್ಣಾ” ಎಂದಳು.

ನಾನು ಕಂಡದ್ದು, ಕಿವಿಯಾರೆ ಕೇಳಿದ್ದು ಬಿಟ್ಟು ಇದರಲ್ಲಿ ಬೇರೇನೂ ಸೇರಿಸಿಲ್ಲ, ಎಲ್ಲವೂ ಸತ್ಯ. ಬೀಗರು ಅಮಾವಾಸ್ಯೆಗೆ ಬರುತ್ತಾರಂತೆ. ಅಷ್ಟರೊಳಗೆ ತಾವು ಆತ್ಮಕೂರು ಠಾಣೆಗೆ ಬರೆದು, ಏನು ಜವಾಬು ಬಂದರೂ ನನಗೆ ಬೇಗ ಕಾಗದ ಹಾಕಬೇಕು.

ಸ್ಥಳ: ನಿಟ್ಟುವಳ್ಳಿ
ತಾರೀಖು: 9-4-1958
(ರುಜು) ಹಾಲೇಶಪ್ಪ