ಅಲ್ಮಾಜ್ ಹೇಳಿದ ಹಾಜರಿ

ಜೂನ್ ಅಂದರೆ ಇಲ್ಲಿ ಚಳಿಗಾಲ. ಆ ಭಾನುವಾರ ಕ್ರೇಗಿಬರ್ನಿನ ಕಮ್ಯುನಿಟಿ ಹಾಲಿನಲ್ಲಿ ನಮ್ಮ ಕನ್ನಡ ಶಾಲೆ ಮುಗಿದಾಗ ಐದೂವರೆ. ಹೊರಗೆ ಆಗಲೇ ಕತ್ತಲಾಗಿ, ತಗಡಿನ ಮಾಡಿನ ಮೇಲೆ ಮಳೆ ಜಡಿಯುತ್ತಿತ್ತು. ಫ್ರೀವೇಯಲ್ಲಿ ಯಾವುದೋ ಆಕ್ಸಿಡೆಂಟ್ ಆಗಿ ರಸ್ತೆ ಮುಚ್ಚಿದ್ದಾರೆಂದು ಮೆಸೇಜುಗಳು ಬಂದವು. ಮಕ್ಕಳನ್ನು ಬಿಟ್ಟು ಶಾಪಿಂಗಿಗೆ ಹೋಗಿದ್ದ ಅಪ್ಪ ಅಮ್ಮಂದಿರೆಲ್ಲ ಅದರಲ್ಲೇ ಸಿಕ್ಕಿಕೊಂಡಿದ್ದರು. ಎಂಟು ಮಕ್ಕಳು, ನಾನು ಮತ್ತು ಪಂಚಾಕ್ಷರಯ್ಯ ಮಾಸ್ತರು ಇದ್ದೊಂದು ಹೀಟರಿನ ಸುತ್ತ ಕುರ್ಚಿ ಎಳೆದುಕೊಂಡು ಕುಳಿತೆವು.

ಮಾಸ್ತರು ಧಾರವಾಡದವರು. ಎಂಬತ್ತರ ಹತ್ತಿರದ ವಯಸ್ಸು, ಮಗಳ ಜೊತೆ ಇಲ್ಲೇ ನೆಲೆಸಿದ್ದಾರೆ. ಅಕ್ಷರ ಕಲಿಸುವುದು ನನ್ನ ಕೆಲಸ. ನಾಲ್ಕು ಗಂಟೆಗೆ ಸರಿಯಾಗಿ ಹಾಜರಿ ಕರೆಯುವುದು ಅವರ ಕೆಲಸ. ಅವರ ಮೇಲೆ ನನಗಿದ್ದದ್ದು ಒಂದೇ ದೂರು. ಯಾರು ಬರಲಿ ಬಿಡಲಿ, ಅವರ ಹಾಳೆಯಲ್ಲಿ ಎಲ್ಲರೂ ಹಾಜರು. ಆ ದಿನ ಗೌತಮ್ ಬಂದಿರಲಿಲ್ಲ. ಅವನ ಹೆಸರು ಕರೆದಾಗ ಹಿಂದಿನಿಂದ ಯಾರೋ ಮೆಲ್ಲಗೆ ಏನೋ ಅಂದಂತಾಯಿತು, ಮಕ್ಕಳ ಕೀಟಲೆ ಎಂದುಕೊಂಡು ಸುಮ್ಮನಾಗಿದ್ದೆ. ಮಾಸ್ತರು ತಲೆ ಎತ್ತದೆ ಟಿಕ್ ಹಾಕಿದ್ದರು.

ಮರುದಿನ ಇಲ್ಲಿನ ರಾಜನ ಹುಟ್ಟುಹಬ್ಬದ ರಜೆ. ಆರವ್ ಜೇಬಿನಿಂದ ಹೊಸ ಡಾಲರ್ ನಾಣ್ಯ ತೆಗೆದು ಅದರ ಮೇಲಿನ ಮುಖ ತೋರಿಸುತ್ತಾ, "ಕ್ಯಾನ್ ಯು ಸ್ಯಾಕ್ ಅ ಕಿಂಗ್, ಅಜ್ಜಾ?" ಎಂದ, ರಾಜನನ್ನೂ ಕೆಲಸದಿಂದ ತೆಗೆಯಬಹುದೇ ಎಂದು ಕೇಳಿದ. ಪ್ರಣತಿಗೆ ರಾಜನೂ ಬೇಡ, ಮಂತ್ರಿಯೂ ಬೇಡ, ದೆವ್ವದ ಕತೆ ಬೇಕು. ನಾನೂ ಸಿಟ್ಟಿನಲ್ಲೇ ಇದ್ದೆ. ಮೊದಲು ಗೌತಮನಿಗೆ ಟಿಕ್ ಯಾಕೆ ಹಾಕಿದಿರಿ ಹೇಳಿ ಎಂದೆ. ಮಾಸ್ತರು ಮಫ್ಲರ್ ಸರಿಮಾಡಿಕೊಂಡು ನಕ್ಕರು.

"ಮೂರು ಮಂದಿ ಕೇಳಿದ್ದಕ್ಕೂ ಒಂದ ಕತಿ ಐತಿ, ಮಹಾಶ್ವೇತಾ ಅವ್ವಾರ. ಕೇಳ್ರಿ.

ನಂಗ ಆಗ ಇಪ್ಪತ್ತಾರು ವರ್ಷ. ಇಥಿಯೋಪಿಯಾ ಅಂತ ಆಫ್ರಿಕಾದಾಗ ಒಂದು ದೇಶ… ಆವಾಗ ನಮ್ಮ ಕಡಿಂದ ಮಾಸ್ತರಕಿ ಮಾಡಾಕ ಭಾಳ ಮಂದಿ ಅಲ್ಲಿಗೆ ಹೋಗತಿದ್ರು, ಅವರ ಜೋಡಿ ನಾನೂ ಹೋದೆ. ಗುಡ್ಡದ ಮ್ಯಾಲ ಸಣ್ಣ ಊರು, ತಗಡಿನ ಸಾಲಿ, ಮಳಿ ಬಂತಂದ್ರ ಹಿಂಗ ಸಪ್ಪಳ. ಕರಿಹಲಗಿ ಮ್ಯಾಲ ಒಂದು ಮೊಳಿ, ಮೊಳಿಗೆ ಚಕ್ರವರ್ತಿಯ ಫೋಟೋ. ಅವನ ಕಣ್ಣ ಮುಂದ ನಾ ದಿನಾ ಎರಡು ಸಲ ಹಾಜರಿ ತಗೋತಿದ್ದೆ. ಬಂದವರಿಗೆ ಕರಿ ಶಾಯಿ, ಬರದವರಿಗೆ ಕೆಂಪು ಶಾಯಿ. ಹೆಸರು ಕರದ್ರ ಹುಡುಗರು 'ಅಬೆತ್' ಅಂತಿದ್ರು… ಅವರ ಭಾಷಾದಾಗ 'ಏನ್ರೀ, ಇದ್ದೀನಿ' ಅಂದಂಗ. ಧಾರವಾಡದ ಟ್ರೇನಿಂಗ್ ಕಾಲೇಜಿನಾಗ ಕಲ್ತದ್ದು ನೋಡ್ರಿ, ನನ್ನ ಹಾಜರಿ ಪುಸ್ತಕದಾಗ ಒಂದು ಗೀಟು ಸೊಟ್ಟ ಇರತಿರಲಿಲ್ಲ. ಅದರ ಸೊಕ್ಕು ನನಗ ಭಾಳ ಇತ್ತು.

ಕಡೀ ಬೆಂಚಿನಾಗ ಕಿಟಕಿ ಕಡೆ ಕೂಡತಿದ್ದಾಕಿ ಅಲ್ಮಾಜ್. ಹದಿನಾರು ವರ್ಷದ ಹುಡುಗಿ, ಗಣಿತದಾಗ ನನ್ನ ತಪ್ಪು ಹಿಡಿಯಾಕಿ. ಆ ವರ್ಷ ಅಲ್ಲೆ ಬರ ಬಿದ್ದಿತ್ತು, ಮಂದಿ ಹಸಿದು ಸಾಯಾಕತ್ತಿದ್ರು, ಅರಮನಿಗೆ ಅದರ ಖಬರೇ ಇಲ್ಲ. ವಿದ್ಯಾರ್ಥಿಗಳು ಬೀದಿಗೆ ಬಂದ್ರು, ಟ್ಯಾಕ್ಸಿಯವರು ಬಂದ್ರು, ಮಾಸ್ತರು ಬಂದ್ರು. 'ಉಳುವವನಿಗೇ ಭೂಮಿ' ಅಂತ ಕೂಗು. ಆವಾಗ ನಮ್ಮ ಕರ್ನಾಟಕದಾಗೂ ಅದ ಮಾತು ನಡದಿತ್ತು, ನನಗ ಊರಾಗ ಇದ್ದಂಗ ಆಗತಿತ್ತು. ಕಡೀಕ ಒಂದಿನ ಸೈನಿಕರು ಆ ಮುದುಕ ಚಕ್ರವರ್ತಿನ್ನ ಸಣ್ಣ ಕಾರಿನಾಗ ಕೂಡ್ರಿಸಿಕೊಂಡು ಹೋಗೇಬಿಟ್ರು. ಆರವ್, ರಾಜನ್ನ ಹಿಂಗೂ ತಗೀತಾರಪಾ! ಅಲ್ಮಾಜ್ ಬೆಂಚ್ ಹತ್ತಿ ಫೋಟೋ ಇಳಿಸಿದ್ಲು. ಬರೇ ಮೊಳಿ ಉಳೀತು.

ಆದ್ರ ಮೊಳಿ ಖಾಲಿ ಉಳೀತೇನು? ಸೈನಿಕರು ಅಂದ್ರು, ನಾವು ಸ್ವಲ್ಪ ದಿನ ನೋಡಿಕೋತೀವಿ, ಆಮ್ಯಾಲ ಮಂದಿ ಕೈಯಾಗ ಕೊಡತೀವಿ ಅಂತ. ಒಂದು ವರ್ಷ ಆತು, ಎರಡು ವರ್ಷ ಆತು… ಮೊಳಿಗೆ ಟೊಪಿಗಿ ಹಾಕ್ಕೊಂಡವರ ಫೋಟೋ ಬಂತು. ಮೊದಲು ತಮಗ ಹೂವು ಕೊಟ್ಟ ಹುಡುಗರನ್ನ ಈಗ ಜೀಪಿನಾಗ ಹಾಕ್ಕೊಂಡು ಹೋಗಾಕತ್ರು. ಆಗ ಹುಡುಗರು ಮತ್ತ ಮೆರವಣಿಗಿ ಮಾಡೋದು ಅಂತ ನಿರ್ಧಾರ ಮಾಡಿದ್ರು. ಹಿಂದಿನ ದಿನ ಅಲ್ಮಾಜ್ ನನ್ನ ಮೇಜಿನ ಹತ್ರ ಬಂದು ನಿಂತ್ಲು. 'ಸರ್, ನಾಳೆ ಒಂದು ದಿನ ಕೆಂಪು ಶಾಯಿ ತಗೀಬ್ಯಾಡ್ರಿ' ಅಂದ್ಲು.

ನಾ ಏನಂದೆ ಗೊತ್ತೇನು? ನಿಯಮ ಅಂದ್ರ ನಿಯಮ ಅಂದೆ.

ಮರುದಿನ ಐದು ಹೆಸರಿನ ಮುಂದ ಕೆಂಪು ಬರದೆ. ಸಂಜಿಮುಂದ ಒಬ್ಬ ಅಧಿಕಾರಿ ಬಂದ, ಭಾಳ ಮರ್ಯಾದಿಲೆ ಪುಸ್ತಕ ಕೇಳಿದ. ಕೊಟ್ಟೆ. ಎಷ್ಟು ಚಂದ ಬರದೀರಿ ಅಂತ ಹೊಗಳಿದ, ನನಗ ಖುಷಿ ಆತು… ಹೌದವ್ವಾ, ಖುಷಿ ಆತು. ಅದ ರಾತ್ರಿ ಐದೂ ಮಂದೀನ್ನ ಹಿಡಕೊಂಡು ಹೋದ್ರು. ಮೂರು ತಿಂಗಳಿಗೆ ನಾಕು ಮಂದಿ ತಲಿ ಬೋಳಿಸಿಕೊಂಡು ತಿರುಗಿ ಬಂದ್ರು. ಅಲ್ಮಾಜ್ ಬರಲಿಲ್ಲ. ಆಕಿ ಸ್ವೆಟರ್ ಅಷ್ಟ ಮನಿಗೆ ಬಂತು."

ಮಾಸ್ತರು ಹೀಟರಿನ ಕಡೆ ಕೈ ಚಾಚಿದರು. ಎಲ್ಲರಿಗಿಂತ ಚಿಕ್ಕವಳು ಆದ್ಯಾ ನನ್ನ ತೊಡೆ ಏರಿ ಕೂತಳು.

"ಕೆಂಪು ಪೆನ್ನು ಹೊಳಿಗೆ ಒಗದೆ. ಒಗದ್ರ ಏನಾತು, ಆಕಿ ಬಂದಳೇನು? ಮುಂದಿನ ವರ್ಷ ಮತ್ತ ಮೆರವಣಿಗಿ. ನಲವತ್ತೆರಡು ಹುಡುಗರಾಗ ಹನ್ನೊಂದು ಮಂದಿ ಇಲ್ಲ. ಈ ಸಲ ಆ ಅಧಿಕಾರಿ ಮುಂಜಾನೇನ ಬಂದು ಕ್ಲಾಸಿನ್ಯಾಗ ನನ್ನ ಕುರ್ಚಿ ಮ್ಯಾಲ ಕೂತ. ನಾ ಕೇಳೋ ಹಂಗ ಹಾಜರಿ ಕರೀರಿ ಅಂದ. ಅವನ ಹಿಂದ ಬಾಗಲಾಗ ಬಂದೂಕು. ನಾ ಪುಸ್ತಕ ತಗದೆ. ಹನ್ನೊಂದು ಹೆಸರು… ಒಂದೊಂದು ಹೆಸರಿನ ಹಿಂದ ಒಂದೊಂದು ಮನಿ. ತಪ್ಪು ಬರೀಬೇಕಂದ್ರ ಅವ ನೋಡಾಕತ್ತಾನ, ಖರೇ ಬರೀಬೇಕಂದ್ರ ಹುಡುಗರು ಹೋಗತಾರ.

ಕರದೆ. ನಾಕನೇ ಹೆಸರು ದಾವಿತ್. ಅವ ಮೆರವಣಿಗಿಯಾಗ ಎಲ್ಲಾರಕಿಂತ ಮುಂದ ಅದಾನ ಅಂತ ನನಗ ಗೊತ್ತು. 'ದಾವಿತ್' ಅಂದೆ, ಕಣ್ಣು ಮುಚ್ಚಿಕೊಂಡೆ… ಕಡೀ ಬೆಂಚಿನಿಂದ ದನಿ ಬಂತು. 'ಅಬೆತ್.'

ಆ ದನಿ ನಾ ಮರೆಯೋದುಂಟೇನು? ಗಣಿತದಾಗ ನನ್ನ ತಪ್ಪು ಹಿಡಿದ ದನಿ ಅದು.

ಮುಂದಿನ ಹೆಸರು. 'ಅಬೆತ್.' ಮತ್ತೊಂದು ಹೆಸರು. 'ಅಬೆತ್.' ಹನ್ನೊಂದಕ್ಕೂ ಆಕೀನ ಹೇಳಿದ್ಲು. ನಾ ಕರಿ ಶಾಯಿಲೆ ಬರಕೋತ ಹೋದೆ. ಅಧಿಕಾರಿ ಎದ್ದು ನಿಂತು ಬೆರಳು ಮಾಡಿ ತಲಿ ಎಣಿಸಿದ. ನನ್ನ ಕಣ್ಣಿಗೆ ಕಾಣತಿದ್ದದ್ದು ಮೂವತ್ತೊಂದು. ಅವ ಎಣಿಸಿದ್ದು ನಲವತ್ತೆರಡು. ಮತ್ತೊಮ್ಮೆ ಎಣಿಸಿದ, ಮತ್ತ ನಲವತ್ತೆರಡು. ಅವನ ಹಣಿಮ್ಯಾಲ ಬೆವರು ಬಂತು. ಕಡೀ ಬೆಂಚಿನಾಗ ಕಿಟಕಿ ಕಡೆ ಕೂತಾಕಿ ಯಾರು ಅಂತ ಕೇಳಿದ. ಹುಡುಗರು ಯಾರೂ ತಿರುಗಿ ನೋಡಲಿಲ್ಲ. ಎಲ್ಲಾರೂ ಒಂದ ದನಿಲೆ ಹೇಳಿದ್ರು, 'ಅಲ್ಮಾಜ್.'

ಅವ ಟೊಪಿಗಿ ಮರತು ಹೋದ. ಆ ಸಾಲಿಗೆ ಮತ್ತ ಬರಲೇ ಇಲ್ಲ.

ಹನ್ನೊಂದು ಮಂದೀನೂ ಉಳದ್ರು. ದಾವಿತ್ ಇಲ್ಲೇ ಫುಟ್ಸ್‌ಕ್ರೇದಾಗ ಅದಾನ, ಮೊಮ್ಮಕ್ಕಳದಾವ, ಇವತ್ತಿಗೂ ನನ್ನ ಕಂಡ್ರ ಎದ್ದು ನಿಲ್ಲತಾನ. ಆ ಸೈನ್ಯದ ಆಡಳಿತಾನೂ ಒಂದಿನ ಹೋತು. ಮೊಳಿ ಮ್ಯಾಲ ಯಾವ ಫೋಟೋನೂ ಕಾಯಂ ಅಲ್ಲವ್ವಾ. ಅದನ್ನ ಇಳಿಸಾಕ ಬೆಂಚ್ ಹತ್ತೋರು ಮತ್ತ ಮತ್ತ ಹುಟ್ಟತಾರ… ಅದಕ್ಕ ನಾ ಯಾರ ಹೆಸರಿನ ಮುಂದೂ ಇಲ್ಲ ಅಂತ ಬರಿಯಂಗಿಲ್ಲ."

ಅಷ್ಟರಲ್ಲಿ ನನ್ನ ಫೋನು ಹೊಡೆದುಕೊಂಡಿತು. ಗೌತಮನ ತಾಯಿ ಊರ್ಮಿಳಾ. ಫ್ರೀವೇಯಲ್ಲಿ ಆಕ್ಸಿಡೆಂಟ್ ಆಗಿದ್ದು ಅವರದೇ ಕಾರಿಗೆ. ನೀರಿನಲ್ಲಿ ಜಾರಿ ತಡೆಗೋಡೆಗೆ ಬಡಿದು ಮಗುಚಿತ್ತಂತೆ. ಕಾರು ನೋಡಿದರೆ ಒಳಗಿದ್ದವರು ಬದುಕುವ ಹಾಗೇ ಇರಲಿಲ್ಲವಂತೆ. ಇಬ್ಬರಿಗೂ ಒಂದು ಗೀರೂ ಆಗಿಲ್ಲ. ಗೌತಮ್ ಮಾತ್ರ, ಒಬ್ಬ ಅಕ್ಕ ತನ್ನನ್ನು ತಬ್ಬಿ ಹಿಡಿದುಕೊಂಡಿದ್ದಳು ಎನ್ನುತ್ತಿದ್ದಾನೆ, ಹೆದರಿರಬೇಕು ಎಂದು ಊರ್ಮಿಳಾ ಅಳುತ್ತಲೇ ನಕ್ಕಳು. ಎಷ್ಟು ಹೊತ್ತಿಗೆ ಆಯಿತು ಎಂದು ಕೇಳಿದೆ. ನಾಲ್ಕು ಗಂಟೆಗೆ ಎಂದಳು.

ಎಲ್ಲರಿಗೂ ಹೇಳಿದೆ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗೌತಮನ ಹೆಸರು ಕರೆದಾಗ ಹಿಂದಿನಿಂದ ಹೇಳಿದ್ದು ತಾನಲ್ಲ ಎಂದು ಪ್ರಣತಿ ಪಿಸುಗುಟ್ಟಿದಳು. ತಾನೂ ಅಲ್ಲ ಎಂದ ಆರವ್.

ಮಾಸ್ತರು ಹಾಜರಿಯ ಹಾಳೆ ಮಡಚಿ ನನ್ನ ಕೈಗೆ ಕೊಟ್ಟರು.

"ಹೆದರಬ್ಯಾಡ್ರಿ, ಆಕಿ ಯಾರನ್ನೂ ಕರಕೊಂಡು ಹೋಗಾಕಿ ಅಲ್ಲ. ಆದ್ರ ಮಹಾಶ್ವೇತಾ ಅವ್ವಾರ… ಮುಂದಿನ ರವಿವಾರ ಹಿಂದಿನ ಸಾಲಿನಾಗ ಕಿಟಕಿ ಕಡೆ ಒಂದು ಕುರ್ಚಿ ಹೆಚ್ಚಿಗಿ ಹಾಕ್ರಿ. ಇಷ್ಟು ದಿನ ಆಕಿ ನಿಂತಕೊಂಡ ಇದ್ದಾಳ."